ನಾಲಿಗೆ ಚಾಚಿ ಸಿಕ್ಕಿಬಿದ್ದೆ

ಗೆಳೆಯರೇ, ಇವತ್ತು ನನ್ನ ಮಾನ ಹೋಯಿತು! ಮಗಳು ಕೀಮೋ ತೆಗೆದುಕೊಳ್ಳುವ ಹಲಸೂರಿನ ಆಸ್ಪತ್ರೆಯಲ್ಲಿ ಮಕ್ಕಳಿಗೂ ಹೆತ್ತವರಿಗೂ ಯೋಗದ ತರಗತಿ ನಡೆಯುತ್ತಿತ್ತು. ಸಿಂಹಾಸನ ಹಾಕಿ ಎಲ್ಲರೂ ನಾಲಿಗೆ ಚಾಚಿ ಗರ್ಜಿಸುವಾಗಲೇ ದೊಡ್ಡ ಡಾಕ್ಟರು ಒಳಬಂದರು. ನಾನು ಬಾಯಿ ಮುಚ್ಚಲು ಹೋದರೆ, "ತಾಳಿ, ಒಳಗೆ ಹಾಕ್ಬೇಡಿ" ಎಂದು ಬಗ್ಗಿ ನೋಡಿದರು. "ಏನ್ರೀ, ನಾಲಿಗೆ ಇಷ್ಟು ಬಿಳಿಚ್ಕೊಂಡಿದೆ! ಊಟ ಮಾಡ್ತಿದೀರೋ ಇಲ್ವೋ? ಸಿಸ್ಟರ್, ಇವರ ಬ್ಲಡ್ ತಗೊಳ್ಳಿ."

ಸೂಜಿ ಕಂಡು ಕಣ್ಣು ಮುಚ್ಚಿದೆ. ಎಂಟು ವರ್ಷದ ಮಗಳು ನನ್ನ ಕೈ ಹಿಡಿದು, "ಅಮ್ಮಾ, ಏನಿಲ್ಲ, ಇರುವೆ ಕಚ್ಚಿದಂಗೆ ಅಷ್ಟೇ" ಎಂದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಪ್ರತಿ ಸಲ ಅವಳಿಗೆ ಸೂಜಿ ಚುಚ್ಚುವಾಗ ನಾನು ಹೇಳುತ್ತಿದ್ದ ಮಾತದು. ಇವತ್ತು ಗೊತ್ತಾಯಿತು, ಅದು ಇರುವೆಯಲ್ಲ, ಚೇಳು!