ಕುಂಕುಮ ಹಚ್ಚಿದ ರಿಪೇರಿ ಪುಸ್ತಕ

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಮೆಷಿನ್ ಕೆಟ್ಟರೆ ಅಪ್ಪನ ಅಂಗಡಿಗೆ ಬರುತ್ತದೆ. ಆರು ವರ್ಷದಿಂದ ಅವುಗಳ ಪುಸ್ತಕ ಬರೆಯುವವಳು ನಾನು. ಪ್ರತಿ ಪುಟಕ್ಕೂ ಐದು ಕಾಲಂ: ತಾರೀಖು, ಮೆಷಿನ್, ಏನು ಕೆಟ್ಟಿತು, ಅದಕ್ಕೆ ಮುಂಚೆ ಕರೆಂಟ್ ಹೋಗಿ ಬಂದಿತ್ತೇ, ಸರಿ ಮಾಡಿದವರು ಯಾರು. ಕೊನೆಯ ಕಾಲಂನಲ್ಲಿ ಯಾವಾಗಲೂ ‘ಅಪ್ಪ’ ಎಂದೇ ಇರುತ್ತಿತ್ತು. ಆದರೂ ಒಂದು ಸಾಲನ್ನೂ ಖಾಲಿ ಬಿಟ್ಟವಳಲ್ಲ.

ಹೋದ ವರ್ಷ ಆಯುಧಪೂಜೆಯ ದಿನ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳ ಜೊತೆ ಆ ಪುಸ್ತಕವನ್ನೂ ಇಟ್ಟು ಅಪ್ಪ ಕುಂಕುಮ ಹಚ್ಚಿದ್ದರು. ಅವತ್ತು ಯಾರೇ ಬಂದರೂ ಕೂರಿಸಿ ಕಡ್ಲೆಪುರಿ ಕೊಡುತ್ತೇವೆ. ಹಾಗೆ ಬಂದು ಕೂತವನು ಚೀನಾದ ಒಂದು ಹೊಲಿಗೆ ಮೆಷಿನ್ ಕಂಪನಿಯವನು. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಅವನ ಮಾತನ್ನು ಅವನ ಫೋನು ಕನ್ನಡದಲ್ಲಿ ಹೇಳುತ್ತಿತ್ತು. ಅವರದು ಅಂಥ ದೊಡ್ಡ ಕಂಪನಿಯೇನಲ್ಲವಂತೆ. ತಮ್ಮ ದೇಶದ ಹೊರಗೆ ಮಾರಲು ಹೊರಟಿರುವುದು ಇದೇ ಮೊದಲಂತೆ. ಆದರೆ ಮಾರುವ ಮಾತನ್ನು ಅವನು ಎತ್ತಲೇ ಇಲ್ಲ. ಇಲ್ಲಿ ಯಾವ ಭಾಗ ಮೊದಲು ಹಾಳಾಗುತ್ತದೆ ಎಂದಷ್ಟೇ ಕೇಳಿದ.

ಅಪ್ಪ ಪುಸ್ತಕ ತೆಗೆದುಕೊಟ್ಟರು. ಅವನು ಒಂದೊಂದೇ ಪುಟದ ಫೋಟೊ ತೆಗೆಯತೊಡಗಿದಾಗ ನಾನು ಅಪ್ಪನ ತೋಳು ಮುಟ್ಟಿದೆ.

“ಹಬ್ಬದ ದಿನ ಬಂದಿದಾರೆ, ನೋಡ್ಲಿ ಬಿಡೇ. ನೋಡಿದ್ರೆ ಸವೆದು ಹೋಗುತ್ತಾ ಪುಸ್ತಕ?” ಅಂದರು.

ಎಂಟು ತಿಂಗಳ ನಂತರ ಎದುರಿನ ಗಾರ್ಮೆಂಟ್ಸ್‌ಗೆ, ಬಳಸಿ ನೋಡಿ ಎಂದು, ಆ ಕಂಪನಿಯ ಹತ್ತು ಮೆಷಿನ್ ಬಂದವು. ಹಳೆಯ ಮೆಷಿನ್‌ಗಳ ಮೋಟಾರು ಕರೆಂಟ್ ಹೋಗಿ ಬಂದಾಗ ಸುಡುತ್ತಿತ್ತು. ನಮ್ಮ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಇದ್ದದ್ದು ಅದೇ. ಇವು ಏನೂ ಆಗದಂತೆ ಮತ್ತೆ ಓಡಿದವು. ಎರಡನೆಯದು ಎಣ್ಣೆ ಸೋರುವುದು. ಇವುಗಳಲ್ಲಿ ಅದೂ ಇರಲಿಲ್ಲ. ನೋಡನೋಡುತ್ತಲೇ ಸುತ್ತಲಿನ ಗಾರ್ಮೆಂಟ್ಸ್‌ನವರೂ ಹಳೆಯವನ್ನು ತೆಗೆದು ಇವನ್ನೇ ಕೊಳ್ಳತೊಡಗಿದರು.

ಆಮೇಲೆ ಕರೆಂಟ್ ಬಂದಾಗಲೆಲ್ಲ ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಯಾರಾದರೂ ರಸ್ತೆ ದಾಟಿ ಬರುತ್ತಾರೆಯೇ ಎಂದು ನೋಡುತ್ತಿದ್ದೆ. ವಾರಕ್ಕೆ ಹದಿನಾಲ್ಕು ಸಾಲು ಬರೆಯುತ್ತಿದ್ದವಳು ಜುಲೈ ಕೊನೆಗೆ ಐದು ಬರೆದೆ. ಸೆಪ್ಟೆಂಬರಿನ ಒಂದು ವಾರ ಎರಡೇ.

“ಮೆಷಿನ್‌ಗೂ ವಯಸ್ಸಾಗುತ್ತೆ ಕಣೇ, ಇಲ್ಲಿಗೇ ಬರ್ತವೆ,” ಎನ್ನುತ್ತಿದ್ದ ಅಪ್ಪ, ಬೆಳಿಗ್ಗೆ ಒರೆಸಿಟ್ಟ ಸ್ಪ್ಯಾನರನ್ನೇ ಸಂಜೆ ಮತ್ತೆ ಒರೆಸುತ್ತಿದ್ದರು.

ಈ ಸಲದ ಪೂಜೆಗೆ ಆ ಕಂಪನಿಯವನು ಮತ್ತೆ ಬಂದ. ನಾನು ಮೊದಲೇ ಪುಸ್ತಕವನ್ನು ಬ್ಯಾಗಿಗೆ ಹಾಕಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಅವನು ಅದನ್ನು ಕೇಳಲೇ ಇಲ್ಲ. ಕಡ್ಲೆಪುರಿ ತಿಂದು, ಅಪ್ಪನ ಕೈಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟ. ಸುತ್ತಮುತ್ತಲ ಎಲ್ಲ ಗಾರ್ಮೆಂಟ್ಸ್‌ಗೂ ಹಂಚುತ್ತಿದ್ದಾರಂತೆ, ಹೊಲಿಯುವವರೇ ತುಂಬಿ ಕಳಿಸಬೇಕಂತೆ.

ಅಪ್ಪ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ತಾರೀಖು. ಮೆಷಿನ್. ಏನು ಕೆಟ್ಟಿತು. ಕರೆಂಟ್ ಹೋಗಿ ಬಂದಿತ್ತೇ.

“ನೀನು ಬರಿಯೋ ಥರಾನೇ ಇದೆ ಅಲ್ವೇನೇ?” ಅಂದರು. ದನಿಯಲ್ಲಿ ಹೆಮ್ಮೆಯಿತ್ತು.

ಬೆರಳು ಬಲಕ್ಕೆ ಇನ್ನೊಂದಿಷ್ಟು ಸರಿಯಿತು. ಐದನೆಯ ಕಾಲಂ ಇರಬೇಕಾದ ಕಡೆ ಹಾಳೆ ಮುಗಿದಿತ್ತು. ಅಪ್ಪ ಅದನ್ನು ತಿರುಗಿಸಿ ಹಿಂದೆಯೂ ನೋಡಿದರು.