ಜೀಪಿಗೆ ಕಿಟಕಿ ಮಾಡಿದವರು

ಐವತ್ತರ ದಶಕದಲ್ಲಿ ನಾನು ಭಾಂಡುಪ್‌ನ ಒಂದು ಸಣ್ಣ ಹೆರಿಗೆ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಅದನ್ನು ನಡೆಸುತ್ತಿದ್ದ ಡಾಕ್ಟರಮ್ಮ ಉಡುಪಿ ಕಡೆಯವರು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಸೈನ್ಯದ ಹಳೆಯ ಜೀಪೊಂದನ್ನು ಕೊಂಡು, ತಾವೇ ಓಡಿಸಿಕೊಂಡು ಗುಡ್ಡದಡಿಯ ಹಾಡಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಗೇರ್ ಹಾಕುವುದನ್ನು ನೋಡಲು ಸ್ಟೇಷನ್ ರಸ್ತೆಯಲ್ಲಿ ಜನ ನಿಲ್ಲುತ್ತಿದ್ದರು. ಪಕ್ಕದಲ್ಲಿ ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು.

ಜೀಪಿನ ಮುಂದಿನ ಗ್ರಿಲ್ ಮಾತ್ರ ತುಕ್ಕು ಹಿಡಿದು ಹಪ್ಪಳದಂತಾಗಿತ್ತು. ಮೂರು ಪಟ್ಟಿಗಳು ಎಂದೋ ಉದುರಿದ್ದವು. ಒಮ್ಮೆ ಮಳೆಗಾಲ ಕಳೆದ ಮೇಲೆ, ಆಳೆತ್ತರದ ಒಣಹುಲ್ಲಿನ ನಡುವೆ ಹೋಗುವಾಗ, ಹುಲ್ಲಿನ ಬೀಜವೆಲ್ಲ ಆ ಸಂದಿನಿಂದ ನುಗ್ಗಿ ರೇಡಿಯೇಟರ್‌ಗೆ ಮೆತ್ತಿಕೊಂಡಿತು. ನೀರು ಕುದಿದು ಹಬೆ ಎದ್ದಿತು. ಉಳಿದ ಒಂದು ಮೈಲಿ ಇಬ್ಬರೂ ನಡೆದೆವು, ಅಲ್ಲ, ಓಡಿದೆವು. ಗುಡಿಸಲಿನೊಳಗೆ ಕಾಲಿಟ್ಟಾಗ ಮಗುವಿನ ತಲೆ ಕಾಣಿಸುತ್ತಿತ್ತು. ಹೇಗೋ ತಾಯಿ, ಮಗು ಇಬ್ಬರೂ ಉಳಿದರು.

ಕೈ ತೊಳೆಯುತ್ತಾ ಡಾಕ್ಟರಮ್ಮ, “ಇನ್ನು ಹೀಗೇ ಬಿಟ್ರೆ ಆಗ್ಲಿಕ್ಕಿಲ್ಲ ಮಾರಾಯ್ತಿ. ಪ್ರತಿ ಸಲ ದೇವರಿಗೇ ಡ್ಯೂಟಿ ಹಾಕ್ಲಿಕ್ಕೆ ಆಗ್ತದಾ?” ಎಂದರು.

ಕುರ್ಲಾದ ಹಳೇ ಕಬ್ಬಿಣದ ಅಂಗಡಿಗಳಲ್ಲಿ ಹುಡುಕಿದೆವು. ಸಿಕ್ಕಿದ್ದು ಒಂದೇ ಗ್ರಿಲ್. ಅದರ ಬೋಲ್ಟಿನ ತೂತುಗಳು ನಮ್ಮ ಜೀಪಿಗೆ ಹೊಂದಲಿಲ್ಲ. ಕೊನೆಗೆ ನನಗೆ ನಮ್ಮ ಚಾಳಿನ ಹಿಂದೆ ಶೆಡ್ ಹಾಕಿಕೊಂಡಿದ್ದ ವಿಜಾಪುರದವರೊಬ್ಬರ ನೆನಪಾಯಿತು. ಅವರು ಕಿಟಕಿಗಳಿಗೆ ಕಬ್ಬಿಣದ ಜಾಳಿಗೆ ಮಾಡುತ್ತಿದ್ದರು.

ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮೋಟಾರಿನ ಕೆಲಸ ಎಂದೂ ಮಾಡಿದವರಲ್ಲ. ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ, “ಬಾಯಾರ, ಸ್ವಲ್ಪ ಚಾಲೂ ಮಾಡ್ರಿ” ಎಂದರು. ಎಂಜಿನ್ ಶುರುವಾದೊಡನೆ ಹಳೆಯ ಪತ್ರಿಕೆಯ ಚೂರೊಂದನ್ನು ಸಂದಿನ ಮುಂದೆ ಹಿಡಿದರು. ಅದು ಸರ್ರನೆ ಒಳಗೆ ಹೋಗಿ ರೇಡಿಯೇಟರ್‌ಗೆ ಅಂಟಿಕೊಂಡಿತು.

“ಉಸರಾಡ್ತೈತಿ ನೋಡ ತಂಗಿ,” ಎಂದರು ನನ್ನ ಕಡೆ ತಿರುಗಿ. “ಹುಲ್ಲಿಗೆ ಹೆದರಿ ಭಾಳ ಬಿಗಿ ಮಾಡಿದ್ರ ಉಸರ ಕಟ್ತೈತಿ.”

ನಾನು ಕೊಟ್ಟ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಅಳತೆ ತೆಗೆದುಕೊಂಡರು. ನಾಲ್ಕನೆಯ ದಿನ ಹೊಸ ಗ್ರಿಲ್ ಕೂರಿಸಿದರು. ನೆಟ್ಟಗಿನ ಪಟ್ಟಿಗಳು, ಬೆಸುಗೆ ಎಲ್ಲಿದೆಯೆಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಡಾಕ್ಟರಮ್ಮನಿಗೆ ಖುಷಿಯೋ ಖುಷಿ.

ಮರುದಿನ ಬೆಳಿಗ್ಗೆ ನೋಡಿದರೆ ಜಾಳಿಗೆಯವರು ದವಾಖಾನೆಯ ಬಾಗಿಲಲ್ಲಿ ನಿಂತಿದ್ದಾರೆ.

“ಅದು ಸರಿ ಇಲ್ರಿ ಬಾಯಾರ. ಬಿಚ್ಚಬೇಕು.”

“ಎಂಥದು ಸರಿ ಇಲ್ಲ? ಚಂದ ಉಂಟಲ್ಲ!”

“ನಿನ್ನೆ ನೀವು ನಮ್ಮ ಶೆಡ್ ಮುಂದ ಹಾದು ಹೋಗುಮುಂದ ಕೇಳಸ್ತು. ಎಡಗಡೆ ಒಂದು ಪಟ್ಟಿ ಗುಂಯ್ ಅಂತೈತಿ. ಇವತ್ತಲ್ಲ ನಾಳೆ ಬಿರಕ ಬಿಡ್ತೈತಿ.”

ಅದೇ ಜೀಪಿನಲ್ಲಿ ಕೂತಿದ್ದ ನಮ್ಮಿಬ್ಬರಿಗೂ ಏನೂ ಕೇಳಿಸಿರಲಿಲ್ಲ.

ಬಿಚ್ಚಿಕೊಂಡು ಹೋದವರು ಎರಡು ದಿನ ಬಿಟ್ಟು ತಂದರು. ಹಿಂದುಗಡೆ ಅಡ್ಡಪಟ್ಟಿಯೊಂದು ಸೇರಿತ್ತು. ಅದಷ್ಟೇ ಅಲ್ಲ, ನಡುಭಾಗದ ಕೆಳಗೆ ಎರಡು ಬಿಜಾಗರಿ. ಮೇಲಿನ ಚಿಲಕ ಸರಿಸಿದರೆ ಅಷ್ಟು ಭಾಗ ಮುಂದಕ್ಕೆ ತೆರೆದುಕೊಳ್ಳುತ್ತಿತ್ತು!

“ಇದೆಂಥ ಇದು?” ಎಂದರು ಡಾಕ್ಟರಮ್ಮ.

“ನಂದು ಕಿಡಕಿ ಕೆಲಸ ಅಲ್ರೀ. ಹುಲ್ಲು ಏನ್ ಮಾಡಿದ್ರೂ ಬರತೈತಿ. ತಗೀರಿ, ಬ್ರಶ್‌ಲೆ ಜಾಡಸ್ರಿ, ಮುಚ್ಚರಿ.”

ಡಾಕ್ಟರಮ್ಮ ಚಿಲಕವನ್ನು ನಾಲ್ಕೈದು ಸಲ ತೆಗೆದು ಹಾಕಿದರು. ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ ಅವರು. “ನಾನು ಹೊಲಿಗೆ ಹಾಕಿ ಬಂದ ಮೇಲೆ ಅದರ ಬಗ್ಗೆ ಇಷ್ಟು ಯೋಚನೆ ಮಾಡ್ತೇನಾ ಅಂತ ಸಂಶಯ ಬಂತು ನೋಡಿ ನನಗೆ,” ಎಂದರು. ಜಾಳಿಗೆಯವರು ಪಟ್ಟಿಯ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದರು.

ಆ ಭಾನುವಾರ ಡಾಕ್ಟರಮ್ಮ ಅವರನ್ನು ಒತ್ತಾಯ ಮಾಡಿ ಗುಡ್ಡದ ಕಡೆ ಕರೆದುಕೊಂಡು ಹೋದರು. ನನ್ನ ಜಾಗದಲ್ಲಿ ಅವರು, ಹಿಂದುಗಡೆ ನಾನು. ಮೋಟಾರಿನ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲಂತೆ. ಬೆನ್ನು ಸೀಟಿಗೆ ತಾಗಿಸದೆ, ಒಂದು ಕಿವಿಯನ್ನು ಮುಂದಕ್ಕೆ ಕೊಟ್ಟು ಪಟ್ಟಿ ಗುಂಯ್ ಎನ್ನುತ್ತದೆಯೇ ಎಂದು ಹೋಗುವ ದಾರಿಯುದ್ದಕ್ಕೂ ಆಲಿಸುತ್ತಲೇ ಇದ್ದರು. ಬರುವಾಗ ಮಾತ್ರ ಹಿಂದಕ್ಕೊರಗಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡಿದರು.