ಎಲ್ಲರಿಗೂ ಕಾಣುವಷ್ಟು ಡೇಟಾ

ತಮ್ಮನಿಗೆ ಕುವೈತಿನಲ್ಲಿ ಲಕ್ವ ಹೊಡೆದಿದೆ ಎಂಬ ಸುದ್ದಿ ಮೊದಲು ಮುಟ್ಟಿದ್ದು ನನಗಲ್ಲ, ಅಣ್ಣನಿಗೆ. ತಮ್ಮನ ಕಂಪನಿಯ ಸೂಪರ್‌ವೈಸರ್, ಒಬ್ಬ ಮಲಯಾಳಿ, ಬಂಗಾರಪೇಟೆಯ ಮನೆಗೆ ಫೋನ್ ಮಾಡಿದ್ದನಂತೆ. ಅಣ್ಣ ಎರಡು ಮಾತು ಕೇಳಿಸಿಕೊಂಡು, ತಂಗಿ ಟೀಚರು, ಅವಳಿಗೆ ಇಂಗ್ಲಿಷ್ ಬರುತ್ತದೆ ಎಂದು ನನ್ನ ನಂಬರ್ ಕೊಟ್ಟು ಕೈತೊಳೆದುಕೊಂಡಿದ್ದ. ರಾಬರ್ಟ್‌ಸನ್‌ಪೇಟೆಯ ಖಾಸಗಿ ಶಾಲೆಯೊಂದರಲ್ಲಿ ನಾನು ಕನ್ನಡ ಹೇಳಿಕೊಡುವವಳು. ಇಂಗ್ಲಿಷಿನಲ್ಲಿ ನನಗೆ ಬರುವುದೂ ಅಷ್ಟಕ್ಕಷ್ಟೇ. ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ನಿಂತು, ಬಲಗೈ ಬಲಗಾಲು ಬಿದ್ದುಹೋಗಿದೆ, ಮಾತು ನಿಂತಿದೆ, ಜೀವಕ್ಕೆ ಅಪಾಯವಿಲ್ಲ ಎನ್ನುವಷ್ಟನ್ನು ಅರ್ಥ ಮಾಡಿಕೊಂಡೆ. ಮನೆಯವರು ಯಾರಾದರೂ ಒಬ್ಬರು ಬರಬೇಕು, ವೀಸಾ ಮತ್ತು ಟಿಕೆಟ್ ಕಂಪನಿಯೇ ನೋಡಿಕೊಳ್ಳುತ್ತದೆ ಎಂದ ಆತ.

ತಮ್ಮ ಮದುವೆಯಾಗಿರಲಿಲ್ಲ. ವೆಲ್ಡಿಂಗ್ ಕಲಿತು ಚಿಕ್ಕ ವಯಸ್ಸಿಗೇ ಕುವೈತಿಗೆ ಹೋದವನು. ರಜೆಗೆ ಬಂದಾಗಲೆಲ್ಲ ಹೆಣ್ಣು ನೋಡುವ ಮಾತು ಬರುತ್ತಿತ್ತು. ಮನೆಯ ಮಹಡಿ ಮುಗಿಯಲಿ, ಆಮೇಲೆ ನೋಡೋಣ ಎಂದು ಅಣ್ಣನೇ ಮುಂದೆ ಹಾಕುತ್ತಿದ್ದ. ಅವನು ಕಳಿಸಿದ ದುಡ್ಡಿನಲ್ಲಿ ಮಹಡಿ ಮುಗಿಯಿತು. ಅದಕ್ಕೆ ಬಾಡಿಗೆಯವರೂ ಬಂದರು.

ಆ ಭಾನುವಾರ ಬಂಗಾರಪೇಟೆಯ ಮನೆಯಲ್ಲಿ ಎಲ್ಲರೂ ಸೇರಿದೆವು. ಅಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಚಿಕ್ಕಪ್ಪ ಕುರ್ಚಿಯಲ್ಲಿ, ಅತ್ತಿಗೆ ಗೋಡೆಗೊರಗಿ. ಹೋಗುವವರು ಯಾರು ಎಂಬ ಮಾತು ಬಂದ ಕೂಡಲೇ ಎಲ್ಲರಿಗೂ ಒಂದೊಂದು ನೆನಪಾಯಿತು. ಅಣ್ಣನಿಗೆ ಗೊಬ್ಬರದ ಅಂಗಡಿ, ಬಿಪಿ. ಚಿಕ್ಕಪ್ಪನಿಗೆ ಮಂಡಿನೋವು. ಚಿಕ್ಕಪ್ಪನ ಮಗನಿಗೆ ಪಾಸ್‌ಪೋರ್ಟ್ ಇತ್ತು, ಆದರೆ ಫ್ಯಾಕ್ಟರಿಯಲ್ಲಿ ರಜೆ ಕೊಡುವುದಿಲ್ಲ. ನನಗೂ ಪಾಸ್‌ಪೋರ್ಟ್ ಇತ್ತು. ಶಾಲೆಯ ಸಹೋದ್ಯೋಗಿಗಳು ಸೇರಿ ಮಲೇಷ್ಯಾಕ್ಕೆ ಹೋಗೋಣ ಎಂದು ಮಾಡಿಸಿ, ಪ್ರವಾಸ ಮುರಿದುಬಿದ್ದು, ಒಂದು ಮುದ್ರೆಯೂ ಬೀಳದೆ ಬೀರುವಿನಲ್ಲಿತ್ತು.

"ನೀನೇ ಓಗ್ಬಿಟ್ ಬಾರಮ್ಮ" ಎಂದ ಅಣ್ಣ. "ನಿಂಗೇನು, ಇಂದಿಲ್ಲ ಮುಂದಿಲ್ಲ. ನಾವಾದ್ರೆ ಸಂಸಾರಸ್ಥರು."

ಗಂಡ ತೀರಿಕೊಂಡ ಮೇಲೆ ಆ ಮಾತನ್ನು ನಾನು ಹಲವು ಬಾಯಲ್ಲಿ ಕೇಳಿದ್ದೆ. ಅಣ್ಣನ ಬಾಯಲ್ಲಿ, ಅಮ್ಮನ ಎದುರಿಗೆ ಕೇಳಿದ್ದು ಅದೇ ಮೊದಲು. ಸರಿ, ಹೋಗುತ್ತೇನೆ ಎಂದೆ. ಹೇಗಿದ್ದರೂ ಹೋಗುವವಳೇ ಇದ್ದೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು.

ನಾನು ಒಪ್ಪಿದ್ದೇ ತಡ, ಮನೆಯ ಗಾಳಿಯೇ ಬದಲಾಯಿತು. ಅತ್ತಿಗೆ ಕಾಫಿ ತಂದಳು. ಆಮೇಲೆ ಶುರುವಾದದ್ದು ಫೋನಿನ ಮಾತು. ಅಲ್ಲಿ ನೆಟ್ ಹೇಗೆ, ಯಾವ ಸಿಮ್ ಹಾಕಿಸಬೇಕು, ದಿನಕ್ಕೆ ಎಷ್ಟು ಸಲ ವೀಡಿಯೋ ಕಾಲ್ ಮಾಡಬೇಕು. ಅಷ್ಟು ಹೊತ್ತು ನೆಲ ನೋಡುತ್ತಿದ್ದವರೆಲ್ಲ ಒಟ್ಟಿಗೆ ಬಾಯಿಬಿಟ್ಟರು.

"ಈಗ ಈಸಿಮ್ ಅಂತ ಬಂದೈತೆ" ಎಂದ ಚಿಕ್ಕಪ್ಪ. ಅವನ ಮಗ ಹೇಳಿಕೊಟ್ಟಿದ್ದಿರಬೇಕು. "ಸಿಮ್ಮೇ ಬೇಕಾಗಿಲ್ಲ. ಇಲ್ಲೇ ಆಕ್ಕೊಂಡ್ರೆ ಅಲ್ಲಿ ಇಳೀತಿದ್ದಂಗೇ ನೆಟ್ಟು."

"ದೊಡ್ಡ ಪ್ಲ್ಯಾನೇ ಆಕ್ಸು" ಎಂದ ಅಣ್ಣ. "ದಿನಾ ಅವನ ಮಕ ನೋಡ್ಬೇಕು ನಾವು. ಇಲ್ದಿದ್ರೆ ಜೀವ ನಿಲ್ಲಾಕಿಲ್ಲ."

ಅಮ್ಮ ಮಾತ್ರ ನಾನು ಹೊರಡುವಾಗ ಗೇಟಿನವರೆಗೂ ಬಂದು, "ಅವನಿಗೆ ಕಾರ ಆಗಾಕಿಲ್ಲ ಕಣೇ, ಆಸ್ಪತ್ರೇಲಿ ಏಳು" ಎಂದಳು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ತಮಿಳಿನವನು; ನಾನು ವರ್ಷಗಳಿಂದ ರೀಚಾರ್ಜ್ ಮಾಡಿಸುವುದು ಅವನ ಹತ್ತಿರವೇ. ವಿಷಯ ಹೇಳಿದೆ. "ಅಯ್ಯೋ, ಪಾವಂ ಅಕ್ಕಾ" ಎಂದು ಸ್ಟೂಲು ಎಳೆದು ಕೂರಿಸಿದ. ನನ್ನ ಫೋನ್ ತೆಗೆದುಕೊಂಡು ಏನೋ ಒತ್ತಿ, ಇದರಲ್ಲಿ ಈಸಿಮ್ ಹಾಕಬಹುದು ಎಂದ. ಆಮೇಲೆ ಸಮಾಧಾನವಾಗಿ ಹೇಳಿದ. ನನ್ನ ನಂಬರಿಗೇ ರೋಮಿಂಗ್ ಹಾಕಿಸಿದರೆ ಬೆಲೆ ಜಾಸ್ತಿ, ಆದರೆ ಬ್ಯಾಂಕಿನ ಓಟಿಪಿ ಎಲ್ಲ ಬರುತ್ತದೆ. ಅಲ್ಲಿ ಇಳಿದು ಅಲ್ಲಿನ ಸಿಮ್ ಕೊಂಡರೆ ಅಗ್ಗ ಬೀಳಬಹುದು, ಆದರೆ ವಿಮಾನ ಇಳಿದ ಗಾಬರಿಯಲ್ಲಿ ಅಂಗಡಿ ಹುಡುಕಬೇಕು. ಈಸಿಮ್ ಆದರೆ ಇಲ್ಲೇ ಕೋಡ್ ಸ್ಕ್ಯಾನ್ ಮಾಡಿಕೊಂಡು ಹೋಗಬಹುದು. ಅದರಲ್ಲಿ ಬರೀ ನೆಟ್, ಮಾಮೂಲಿ ಕಾಲ್ ಇಲ್ಲ.

"ನಿಮಗೆ ಏನಕ್ಕೆ ಬೇಕು ಅಕ್ಕಾ? ಮೆಸೇಜು, ಒಂದೆರಡು ಕಾಲ್ ಅಂದ್ರೆ ಚಿಕ್ಕದು ಸಾಕು. ವೀಡಿಯೋ ಅಂದ್ರೆ ನೆಟ್ಟನ್ನ ಕುಡಿದುಬಿಡ್ತದೆ."

ಚಿಕ್ಕದೇ ಸಾಕು ಎಂದೆ. ತಮ್ಮ ಹೇಗಿದ್ದಾನೆ ಎಂದು ದಿನಕ್ಕೊಂದು ಸಲ ಬರೆದು ಕಳಿಸಿದರೆ ಆಯಿತು, ಅಮ್ಮನ ಹತ್ತಿರ ನಾಲ್ಕು ಮಾತಾಡಿದರೆ ಆಯಿತು ಎಂಬುದು ನನ್ನ ಲೆಕ್ಕ. ಅವನು ಕಂಪ್ಯೂಟರಿನಲ್ಲಿ ಪ್ಲ್ಯಾನು ತೆಗೆಯುತ್ತಿರುವಾಗಲೇ ಅಣ್ಣನ ಫೋನ್ ಬಂತು. ಯಾವುದು ತಗೊಂಡೆ ಎಂದ. ಹೇಳಿದೆ.

"ಚಿಕ್ಕದಾ? ನೀನೇನ್ ಅಲ್ಲಿ ಒಬ್ಳೇ ನೋಡ್ಕೊಂಡ್ ಕೂತ್ಕೋತೀಯ? ನಮಗ್ ಬೇಡ್ವಾ? ಅನ್‌ಲಿಮಿಟೆಡ್ ಆಕ್ಸು. ದುಡ್ಡು ನಾವ್ ಕೊಡ್ತೀವಿ."

ಫೋನ್ ಇಡುವಷ್ಟರಲ್ಲಿ ಅತ್ತಿಗೆಯಿಂದ ಹಣ ಬಂದು ಬಿತ್ತು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನ ಮಗನಿಂದಲೂ ಬಂತು. ತಮ್ಮನಿಗೆ ಒಂದು ಜೊತೆ ಬಟ್ಟೆ ತಗೊಂಡು ಹೋಗು ಎಂದು ಒಂದು ರೂಪಾಯಿ ಕೊಡದವರು, ದಾರಿಯಲ್ಲಿ ನನಗೇನು ಊಟ ಎಂದು ಕೇಳದವರು, ಅವನ ಮುಖ ನೋಡುವುದಕ್ಕೆ ಮುಂಗಡ ಕೊಟ್ಟುಬಿಟ್ಟರು. ಅಂಗಡಿಯವನು ನನ್ನ ಮುಖ ನೋಡಿದ. ದೊಡ್ಡದೇ ಹಾಕಿ ಎಂದೆ. ಅನ್‌ಲಿಮಿಟೆಡ್ ಅಂದರೂ ದಿನಕ್ಕೆ ಇಷ್ಟು ಅಂತ ಇರುತ್ತದೆ, ಅದು ದಾಟಿದರೆ ನಿಧಾನ ಆಗುತ್ತದೆ ಎಂದು ಅವನು ಎಚ್ಚರಿಸಿದ. ನನ್ನ ಹಳೆಯ ನಂಬರಿನ ರೋಮಿಂಗ್ ಯಾವ ಕಾರಣಕ್ಕೂ ಆನ್ ಮಾಡಬೇಡಿ ಎಂದು ಎರಡು ಸಲ ಹೇಳಿದ.

ಕುವೈತಿನಲ್ಲಿ ಇಳಿದು ಸಾಲಿನಲ್ಲಿ ನಿಂತಿರುವಾಗಲೇ ಫೋನು ಜೀವ ಪಡೆಯಿತು. ಸೂಪರ್‌ವೈಸರ್ ನನ್ನನ್ನು ಗುರುತು ಹಿಡಿಯುವ ಮೊದಲೇ ಅಣ್ಣನ ವೀಡಿಯೋ ಕಾಲ್ ಬಂತು. ಇನ್ನೂ ಆಸ್ಪತ್ರೆ ಮುಟ್ಟಿಲ್ಲ ಎಂದರೆ, "ಸರಿ, ದಾರಿ ತೋರ್ಸು" ಎಂದ. ನಾನು ಫೋನನ್ನು ಚೀಲದೊಳಗೆ ಹಾಕಿದೆ.

ತಮ್ಮ ಕಿಟಕಿ ಪಕ್ಕದ ಮಂಚದಲ್ಲಿದ್ದ. ಬಾಯಿ ಒಂದು ಕಡೆಗೆ ವಾಲಿತ್ತು. ನನ್ನನ್ನು ನೋಡಿದವನೇ ಎಡಗೈ ಎತ್ತಿ ಮುಖ ಮುಚ್ಚಿಕೊಂಡ. ಆ ಕೈ ಸರಿಸಿ ಹಣೆ ನೇವರಿಸಿದೆ. ಅವನಿಗೆ ನಾವು ಆಡುವುದೆಲ್ಲ ತಿಳಿಯುತ್ತಿತ್ತು. ತನ್ನ ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ಏನೋ ಹೇಳಲು ಹೋಗಿ ಒಂದೇ ಸ್ವರ ಎಳೆದು, ಸೋತು, ಕಣ್ಣು ಮುಚ್ಚುತ್ತಿದ್ದ.

ಅಂದು ಸಂಜೆ ಅಣ್ಣನ ಫೋನಿಗೆ ಕರೆ ಮಾಡಿ ಅಮ್ಮನನ್ನು ತೋರಿಸಿದೆ. ಅಮ್ಮ ಪರದೆಗೆ ತೀರಾ ಹತ್ತಿರ ಬಂದು, ಚಿಕ್ಕಂದಿನಲ್ಲಿ ಮುದ್ದಿಗೆ ಕರೆಯುತ್ತಿದ್ದಂತೆ "ನಾಯನಾ" ಎಂದಳು. ಅವನ ಅರ್ಧ ಮುಖ ಅತ್ತಿತು. ಆ ಒಂದು ಕರೆಗಾದರೂ ನಾನು ಆ ಪ್ಲ್ಯಾನಿಗೆ ಋಣಿ.

ಮಾರನೆಯ ದಿನದಿಂದ ಅದು ಬೇರೆಯೇ ಆಯಿತು. ಅಣ್ಣನ ಮನೆಗೆ ಯಾರು ಬಂದರೂ ಫೋನ್ ಮಾಡುತ್ತಿದ್ದರು. ಅತ್ತಿಗೆಯ ತವರಿನವರು, ಅಂಗಡಿಗೆ ಬಂದ ಗಿರಾಕಿ, ಪಕ್ಕದ ಬೀದಿಯ ನಿವೃತ್ತ ಮೇಷ್ಟರು. "ಕಾಲು ತೋರ್ಸಮ್ಮ, ಬೆರಳು ಆಡ್ತೈತಾ ನೋಡಣ." "ಏ, ಕೈ ಎತ್ತಾಕ್ ಏಳು, ಸೊಲ್ಪ ಎತ್ತಾಕ್ ಏಳು." "ಗುರ್ತು ಸಿಕ್ತಾ ಕೇಳು, ನಾನ್ಯಾರು ಏಳ್ಲಿ." ಮಾತು ಬಾರದವನಿಗೆ ಹೆಸರು ಹೇಳಿಸುವ ಪರೀಕ್ಷೆ. ಅವನು ಬಾಯಿ ತೆರೆದು ಆ ಸ್ವರ ಎಳೆದರೆ ಅತ್ತ ಕಡೆ ಲೊಚಗುಟ್ಟುವುದು ಕೇಳಿಸುತ್ತಿತ್ತು. ಒಬ್ಬಳಂತೂ ಅಳುತ್ತಳುತ್ತಲೇ, "ಎಂಗಿದ್ದ ಉಡುಗ, ಎಂಗಾಗೋದ" ಎಂದು ಅವನ ಎದುರಿಗೇ ಅಂದಳು.

ಒಂದು ದಿನ ಚಿಕ್ಕಪ್ಪನ ಮಗ ಆ ಪರದೆಯ ಫೋಟೋ ತೆಗೆದು ತನ್ನ ಸ್ಟೇಟಸ್ಸಿಗೆ ಹಾಕಿದ. ವಾಲಿದ ಬಾಯಿ, ಮೂಗಿನ ನಳಿಕೆ, ಕೆಳಗೆ ಕೈಮುಗಿದ ಗುರುತು. ಅದನ್ನು ತಮ್ಮನ ಜೊತೆ ಕೆಲಸ ಮಾಡುವ ನಮ್ಮೂರ ಕಡೆಯವನೊಬ್ಬ ನೋಡಿ, ಆಸ್ಪತ್ರೆಗೆ ಬಂದಾಗ ಒಳ್ಳೆಯ ಮನಸ್ಸಿನಿಂದಲೇ ಅವನಿಗೆ ತೋರಿಸಿದ. ಊರಿನಲ್ಲಿ ಎಲ್ಲರೂ ನಿನಗಾಗಿ ಬೇಡಿಕೊಳ್ಳುತ್ತಿದ್ದಾರೆ ನೋಡು ಎಂದ. ಅಲ್ಲಿಯವರೆಗೆ ತಮ್ಮ ತನ್ನ ಮುಖವನ್ನು ತಾನು ನೋಡಿಕೊಂಡಿರಲಿಲ್ಲ. ನಾನು ಕನ್ನಡಿಯನ್ನು ದೂರವೇ ಇಟ್ಟಿದ್ದೆ.

ಆ ಸಂಜೆ ಫೋನ್ ಎತ್ತಿ ಹಿಡಿದಾಗ ಎಡಗೈಯಿಂದ ಅದನ್ನು ತಳ್ಳಿಬಿಟ್ಟ. ಹಾಸಿಗೆಯಿಂದ ಜಾರಿ ನೆಲಕ್ಕೆ ಬಿತ್ತು. ಅಲ್ಲಿಂದಲೇ ಅಣ್ಣ, "ಏನಾಯ್ತು, ಕಾಣಾಕಿಲ್ಲ, ಕಾಣಾಕಿಲ್ಲ" ಎನ್ನುತ್ತಿದ್ದ. ನಾನು ಎತ್ತಿಕೊಂಡು ಹೊರಗಿನ ಕಾರಿಡಾರಿಗೆ ಹೋದೆ. ನೆಟ್ ನಿಧಾನವಾಗಿದೆ ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅಣ್ಣ, ಅವನಿಗೆ ಇಷ್ಟ ಇಲ್ಲ. ಇನ್ನು ವೀಡಿಯೋ ಮಾಡಬೇಡಿ."

"ಇಷ್ಟ ಇಲ್ಲ ಅಂತ ಅವನು ಏಳಿದ್ನಾ? ಮಾತೇ ಬರಾಕಿಲ್ವಲ್ಲ ಅವನಿಗೆ!"

ಹಿಂದಿನಿಂದ ಅತ್ತಿಗೆಯ ದನಿ: "ಮತ್ತೆ ನಾವ್ ದುಡ್ಡು ಕೊಟ್ಟಿದ್ದು ಏನಕ್ಕೆ?"

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಊರಿಗೆ ಬಂದ ಮೇಲೆ ನಿಮ್ಮ ದುಡ್ಡನ್ನು ನಿಮ್ಮ ಮುಖಕ್ಕೆ ಎಸೆಯುತ್ತೇನೆ ಎಂದೆ. ಅದುವರೆಗೂ ಅಣ್ಣನಿಗೆ ಅಂಥ ಮಾತು ಆಡಿದವಳಲ್ಲ. ಅವನೂ ಬಿಡಲಿಲ್ಲ. "ಅಂಗಾದ್ರೆ ಅಮ್ಮಂಗೂ ತೋರ್ಸಬೇಡ. ನಮ್ಮ ಫೋನಲ್ಲಿ ನಿನ್ ಕಾಲ್ ತೆಗಿಯಾಕಿಲ್ಲ" ಎಂದು ಇಟ್ಟುಬಿಟ್ಟ.

ಅಮ್ಮನ ಹತ್ತಿರ ಸ್ವಂತ ಫೋನ್ ಇರಲಿಲ್ಲ. ಅವನು ಹೇಳಿದಂತೆಯೇ ಮಾಡಿದ. ಎಷ್ಟು ಸಲ ಕರೆದರೂ ತೆಗೆಯಲಿಲ್ಲ. ಕೈಯಲ್ಲಿ ಮುಗಿಯದಷ್ಟು ಡೇಟಾ ಇಟ್ಟುಕೊಂಡು ನಾನು ತಾಯಿಗೆ ಮಗನ ಸುದ್ದಿ ಮುಟ್ಟಿಸಲಾಗದೆ ಕೂತೆ. ತಮ್ಮ ಸಂಜೆಯಾದರೆ ಬಾಗಿಲ ಕಡೆ, ಆಮೇಲೆ ನನ್ನ ಫೋನಿನ ಕಡೆ ನೋಡುತ್ತಿದ್ದ. ತಳ್ಳಿದವನೇ ನೋಡುತ್ತಿದ್ದ. ಅವನಿಗೆ ಬೇಕಾದದ್ದು ಯಾರು ಎಂದು ನನಗೆ ಗೊತ್ತಿತ್ತು.

ನಾನು ಉಳಿದುಕೊಂಡಿದ್ದು ಸೂಪರ್‌ವೈಸರ್ ಗೊತ್ತುಮಾಡಿಕೊಟ್ಟಿದ್ದ, ಆಂಧ್ರದ ಕಡಪ ಕಡೆಯ ಮನೆಗೆಲಸದ ಹೆಂಗಸರ ಕೋಣೆಯಲ್ಲಿ. ಅವರಲ್ಲೊಬ್ಬಳು ನನ್ನ ಗೋಳು ಕೇಳಿ, "ಪಕ್ಕದ ಮನೆಯವರು ಯಾರೂ ಇಲ್ವಾ?" ಎಂದು ತೆಲುಗಿನಲ್ಲಿ ಕೇಳಿದಳು. ಇದ್ದರು. ಅಣ್ಣನ ಮನೆಯ ಹಿತ್ತಲಿಗೆ ಹೊಂದಿಕೊಂಡ ಮನೆಯ ಹೆಂಗಸು, ಟೊಮೊಟೊ ಮಂಡಿಯಲ್ಲಿ ಕೂಲಿಗೆ ಹೋಗುವವಳು. ಅವಳ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ನಂಬರ್ ನನ್ನ ಹತ್ತಿರವೇ ಇತ್ತು. ಕೇಳಿದ ಕೂಡಲೇ ಆ ಹೆಂಗಸು, "ಅದಕ್ಕೇನಕ್ಕ, ಅಜ್ಜಿ ಬಟ್ಟೆ ಒಣಗಾಕಾಕ್ ಬಂದಾಗ ಕೊಡ್ತೀನಿ" ಎಂದಳು.

ಹಾಗೆ, ತನ್ನ ಸ್ವಂತ ಮನೆಯ ಹಿತ್ತಲಿನಲ್ಲಿ ಕಳ್ಳಿಯಂತೆ ನಿಂತು, ಅಮ್ಮ ಮಗನ ಜೊತೆ ಮಾತಾಡಿದಳು. ವೀಡಿಯೋ ಬೇಡ ಎಂದು ಅವಳೇ ಹೇಳಿದಳು. ನಾನು ಫೋನನ್ನು ತಮ್ಮನ ಎಡಗಿವಿಗೆ ಒತ್ತಿ ಹಿಡಿದೆ. ಅವಳು ಏನೇನೋ ಹೇಳುತ್ತಿದ್ದಳು. ನುಗ್ಗೆಮರ ಈ ಸಲ ಚೆನ್ನಾಗಿ ಬಿಟ್ಟಿದೆ, ಬಾಡಿಗೆಯವರ ಬೆಕ್ಕು ಮರಿ ಹಾಕಿದೆ, ನೀನು ಉಣ್ಣು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ದಿನಾ ಅಷ್ಟೇ, ನಾಲ್ಕು ಮಾತು. ಅದಕ್ಕೆ ಆ ಅಂಗಡಿಯವನ ಅತ್ಯಂತ ಚಿಕ್ಕ ಪ್ಲ್ಯಾನು ಧಾರಾಳವಾಗಿ ಸಾಕಾಗುತ್ತಿತ್ತು.

ವೈದ್ಯರು ಒಪ್ಪಿದ ಮೇಲೆ ಕಂಪನಿ ಅವನನ್ನು ಗಾಲಿಕುರ್ಚಿಯಲ್ಲಿ ಕಳಿಸಿಕೊಟ್ಟಿತು. ಬೆಂಗಳೂರಿನಲ್ಲಿ ಇಳಿದು ಅಣ್ಣನಿಗೆ ಫೋನ್ ಮಾಡಿದೆ. ಈ ಸಲ ತೆಗೆದ. ಮಹಡಿಯಲ್ಲಿ ಬಾಡಿಗೆಯವರಿದ್ದಾರೆ, ಕೆಳಗೆ ಜಾಗ ಸಾಲದು, ಸದ್ಯಕ್ಕೆ ನಿನ್ನಲ್ಲಿಗೇ ಕರಕೊಂಡು ಹೋಗು ಎಂದ. ನನ್ನದು ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಹಾಲು, ಒಂದು ಅಡುಗೆಮನೆ. ಹಾಲಿನಲ್ಲಿ ಮಂಚ ಹಾಕಿದೆ. ಮೊದಲ ದಿನ ಎಲ್ಲರೂ ಬಂದರು. ಸೇಬು, ಬ್ರೆಡ್ಡು, ಫೋನು. ಬಾಗಿಲಲ್ಲೇ ನಿಂತು, ಫೋನುಗಳನ್ನು ಜೇಬಿನಲ್ಲಿಡಿ, ಆಮೇಲೆ ಒಳಗೆ ಬನ್ನಿ ಎಂದೆ. ಚಿಕ್ಕಪ್ಪ ಮುಖ ಗಂಟಿಕ್ಕಿಕೊಂಡು ಕಾಫಿ ಕುಡಿಯದೆ ಹೋದ. ಅತ್ತಿಗೆಗೆ ಕೊಡಬೇಕಾದ ದುಡ್ಡನ್ನು ಅಂದೇ ಕೊಟ್ಟೆ. ಬೇಡ ಎನ್ನದೆ ಎಣಿಸಿಕೊಂಡಳು. ಸಂಜೆ ಅವರೆಲ್ಲ ಹೊರಟಾಗ ಅಮ್ಮ ಮಾತ್ರ ಎದ್ದೇಳಲಿಲ್ಲ. ಒಂದು ಬಟ್ಟೆಯ ಗಂಟು ಮೊದಲೇ ತಂದಿದ್ದಳು.

ತಮ್ಮ ಈಗ ಕೋಲು ಹಿಡಿದು ಬೀದಿಯ ತುದಿಯವರೆಗೆ ನಡೆಯುತ್ತಾನೆ. ಅರೆಬರೆ ಮಾತು ಬರುತ್ತದೆ. ಅಮ್ಮನಿಗೆ ಎಲ್ಲವೂ ಅರ್ಥವಾಗುತ್ತದೆ, ನನಗೆ ಮುಕ್ಕಾಲು.

ಹೋದ ತಿಂಗಳು ಬಂಗಾರಪೇಟೆಯಲ್ಲಿ ದೂರದ ನೆಂಟರ ಮದುವೆಯಿತ್ತು. ಕೈತೊಳೆಯುವ ಜಾಗದಲ್ಲಿ ಅಣ್ಣ ಯಾರಿಗೋ ಹೇಳುತ್ತಿದ್ದ: "ಏನ್ ಮಾಡೋದು ಹೇಳಿ, ಒಡಹುಟ್ಟಿದವನ ಮಕ ನೋಡಾಕೂ ಬಿಡ್ಲಿಲ್ಲ ನಮ್ ತಂಗಿ." ನಾನು ಹಿಂದೆಯೇ ನಿಂತಿದ್ದೆ.

"ಮನೆ ಬಾಗಿಲು ತೆಗೆದೇ ಇರುತ್ತದೆ ಅಣ್ಣ" ಎಂದೆ. "ಬಸ್ಸು ಹತ್ತಿದರೆ ಅರ್ಧ ಗಂಟೆ."

ಅವನು ತಿರುಗಿ ನೋಡಿ, ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, "ಬತ್ತೀನಿ ಕಣಮ್ಮ, ಪುರುಸೊತ್ತಾಗ್ಲಿ" ಎಂದ. ಮತ್ತೆ ಆ ಮನುಷ್ಯನ ಕಡೆ ತಿರುಗಿ ಗೊಬ್ಬರದ ಮಾತು ತೆಗೆದ. ಇನ್ನೂ ಬಂದಿಲ್ಲ.